ಬಿಚ್ಚಿ ನೋಡುವ ಚಟ

ಸೈಕಲ್ ಹುಚ್ಚಿನವರ ಮನೆ ಗುರುತಿಸಲು ಸೈಕಲ್ಲೇ ಕಣ್ಣಿಗೆ ಬೀಳಬೇಕೆಂದಿಲ್ಲ. ಬಾಗಿಲಿನ ಹಿಡಿಕೆಗೆ ಹಳೇ ಟ್ಯೂಬಿನ ತುಂಡು ಸುತ್ತಿರುತ್ತದೆ. ಬಟ್ಟೆ ಒಣಹಾಕುವ ತಂತಿಯ ಒಂದು ತುದಿಯಲ್ಲಿ ಚೈನು ನೇತಾಡುತ್ತಿರುತ್ತದೆ. ಕಿಟಕಿ ಕಟ್ಟೆಯ ಮೇಲೆ ಒಂದು ಬಟ್ಟಲು, ಅದರೊಳಗೆ ಗ್ರೀಸು ಮೆತ್ತಿದ ಉಕ್ಕಿನ ಗುಂಡುಗಳು, ಅದನ್ನು ಯಾರೂ ಮುಟ್ಟಕೂಡದೆಂಬ ಕಟ್ಟಪ್ಪಣೆ. ನಮ್ಮ ಮನೆಯಲ್ಲಿ ಇವೆಲ್ಲ ಇವೆ. ಸೈಕಲ್ ತುಳಿಯುವುದಕ್ಕಿಂತ ಸೈಕಲ್ಲಿನ ಹೆಸರು ಹೇಳಿಕೊಂಡು ನೆಲದ ಮೇಲೆ ಕೂರುವುದೇ ಹೆಚ್ಚು ಎಂದು ಮನೆಯವರು ಆಡಿಕೊಳ್ಳುತ್ತಾರೆ. ಅದರಲ್ಲಿ ಸುಳ್ಳೇನಿಲ್ಲ.

ಸೈಕಲ್ ಸವಾರರು ಬರೆಯಲು ಕೂತರೆ ದಾರಿ, ಗಾಳಿ, ಏರು, ಇಳಿಜಾರು ಎಂದು ಹೊರಡುತ್ತಾರೆ. ನನಗೆ ಹೇಳಬೇಕಿರುವುದು ನಿಂತ ಸೈಕಲ್ಲಿನ ಬಗ್ಗೆ. ಮನೆಯಲ್ಲಿರುವ ಯಂತ್ರಗಳ ಪೈಕಿ ತನ್ನ ಕೆಲಸವನ್ನು ಪೂರ್ತಿ ಹೊರಗೇ ಇಟ್ಟುಕೊಂಡಿರುವುದು ಇದೊಂದೇ. ಪೆಡಲ್ ಒತ್ತಿದ್ದು ಎಲ್ಲಿಗೆ ಹೋಯಿತು, ಬ್ರೇಕ್ ಎಳೆದಿದ್ದು ಏನನ್ನು ಹಿಡಿಯಿತು ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಹೀಗೆ ಕಣ್ಣೆದುರೇ ನಡೆಯುವುದನ್ನು ನೋಡುತ್ತ ನೋಡುತ್ತ ಬಿಚ್ಚುವ ಆಸೆ ಹುಟ್ಟುತ್ತದೆ. ಒಂದು ಸಲ ಬಿಚ್ಚಿದ ಕೈ ಸೈಕಲ್ಲಿಗೇ ನಿಲ್ಲುವುದಿಲ್ಲ.

ಚಕ್ರದ ಬೆಂಡ್ ತೆಗೆಯುವ ಕೆಲಸವನ್ನೇ ನೋಡಿ. ಅದಕ್ಕೆಂದೇ ಸ್ಟ್ಯಾಂಡ್ ಸಿಗುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಚಕ್ರದ ಎರಡೂ ಪಕ್ಕದ ಕೊಳವೆಗೆ ಒಂದೊಂದು ಪ್ಲಾಸ್ಟಿಕ್ ಟೈ ಬಿಗಿದು, ಅದರ ಬಾಲ ರಿಮ್ಮಿಗೆ ಕೂದಲೆಳೆಯಷ್ಟು ದೂರದಲ್ಲಿ ನಿಲ್ಲುವಂತೆ ಕತ್ತರಿಸಿಕೊಂಡರೆ ಸಾಕು. ಚಕ್ರ ತಿರುಗಿಸಿ ಬಿಟ್ಟಾಗ ರಿಮ್ ಎಲ್ಲಿ ಟೈಗೆ ಸವರಿ ಚರ್ ಎನ್ನುತ್ತದೋ ಅಲ್ಲಿ ಬೆಂಡ್. ರಿಮ್ ಬಲಕ್ಕೆ ವಾಲಿದ್ದರೆ ಆ ಜಾಗದ ಎಡಗಡೆಯ ಕಡ್ಡಿಯ ನಿಪ್ಪಲ್ಲನ್ನು, ಅಂದರೆ ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟನ್ನು, ಕಾಲು ಸುತ್ತು ಬಿಗಿ ಮಾಡಿ, ಬಲಗಡೆಯದನ್ನು ಅಷ್ಟೇ ಸಡಿಲಿಸಬೇಕು. ಕಾಲು ಸುತ್ತು ಅಂದರೆ ಕಾಲು ಸುತ್ತೇ. ಅವಸರದವರು ಒಂದೇ ಏಟಿಗೆ ಪೂರ್ತಿ ಸುತ್ತು ತಿರುಗಿಸಿ ಬೆಂಡನ್ನು ಪಕ್ಕಕ್ಕೆ ನೂಕುತ್ತಾರೆ, ಆಮೇಲೆ ಅದರ ಬೆನ್ನು ಹತ್ತಿ ಚಕ್ರವಿಡೀ ಸುತ್ತುತ್ತಾರೆ.

ಈ ಕೆಲಸಕ್ಕೆ ಕಣ್ಣಿನಷ್ಟೇ ಕಿವಿಯೂ ಬೇಕು. ನಾನು ಹಿಂದಿನ ಚಕ್ರ ಹಿಡಿದು ಕೂತರೆ ಮಗಳು ಬಂದು ಕಡ್ಡಿಗಳನ್ನು ಒಂದೊಂದಾಗಿ ಮೀಟುತ್ತ ಹೋಗುತ್ತಾಳೆ. ಒಂದು ದಿನ ಹುಬ್ಬು ಗಂಟಿಕ್ಕಿಕೊಂಡು, "ಅಪ್ಪಾ, ಈ ಕಡೇದು ಟಿಣ್ ಅನ್ನುತ್ತೆ, ಆ ಕಡೇದು ಟೊಣ್ ಅನ್ನುತ್ತೆ. ಹಾಳಾಗಿದೆಯಾ?" ಅಂದಳು. ಹಾಳಾಗಿರಲಿಲ್ಲ. ಹಿಂದಿನ ಚಕ್ರದ ನಡುವಿನ ಗುಂಬ, ಅಂದರೆ ಹಬ್ಬಿನ, ಬಲಗಡೆ ಗೇರಿನ ಹಲ್ಲುಚಕ್ರಗಳು ಜಾಗ ಹಿಡಿದಿರುತ್ತವೆ. ಹಾಗಾಗಿ ಬಲಗಡೆಯ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಂತು, ರಿಮ್ಮನ್ನು ಪಕ್ಕಕ್ಕೆ ಎಳೆಯಲು ಅವಕ್ಕೆ ಸಿಗುವ ಓರೆ ಕಡಿಮೆಯಾಗುತ್ತದೆ. ಆ ಕೊರತೆ ತುಂಬಲು ಅವು ಎಡಗಡೆಯವಕ್ಕಿಂತ ಬಿಗಿಯಾಗಿರಬೇಕು. ಬಿಗಿಯಾದ ತಂತಿಯ ಸ್ವರ ಮೇಲೇರುತ್ತದೆ. ಅದಕ್ಕೇ ಹಿಂದಿನ ಚಕ್ರದಲ್ಲಿ ಬಲದ ಕಡ್ಡಿಯನ್ನು ಬಲದ್ದರ ಜೊತೆ, ಎಡದ್ದನ್ನು ಎಡದ್ದರ ಜೊತೆ ಮಾತ್ರ ಹೋಲಿಸಬೇಕು. ಒಂದೇ ಕಡೆಯ ಹದಿನಾರು ಕಡ್ಡಿಗಳಲ್ಲಿ ಯಾವುದೋ ಒಂದು ಮೊಂಡಾಗಿ ದಪ್ ಅಂದರೆ ಅದು ಸಡಿಲ, ರಿಮ್ ನೇರವಾಗಿದ್ದರೂ ಸಡಿಲವೇ. ಈಗ ಅವಳೇ ಕಿವಿಯಲ್ಲಿ ಹುಡುಕಿ ಹೇಳುತ್ತಾಳೆ. ನನ್ನ ಕೆಲಸ ಬರೀ ತಿರುಗಿಸುವುದು.

ಕಡ್ಡಿ ಭಾರ ಹೊರುವ ಬಗೆಯೂ ಮೋಜಿನದೇ. 2 ಮಿಲಿಮೀಟರ್ ದಪ್ಪದ ಉಕ್ಕಿನ ತಂತಿಯನ್ನು ತುದಿಯಿಂದ ಒತ್ತಿದರೆ ಬಾಗಿಬಿಡುತ್ತದೆ. ಅದಕ್ಕೆ ಬರುವುದು ಎಳೆತ ತಡೆಯುವುದು ಮಾತ್ರ. ಆದ್ದರಿಂದ ಚಕ್ರ ಕಟ್ಟುವಾಗಲೇ ಎಲ್ಲ ಕಡ್ಡಿಗಳನ್ನೂ ಜೋರಾಗಿ ಎಳೆದು ಬಿಗಿದಿಟ್ಟಿರುತ್ತಾರೆ. ಸವಾರ ಕೂತಾಗ ನೆಲದ ಕಡೆಯ ನಾಲ್ಕಾರು ಕಡ್ಡಿಗಳ ಬಿಗಿ ಸ್ವಲ್ಪ ಇಳಿಯುತ್ತದೆ, ಉಳಿದವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗುವುದಿಲ್ಲ. ಆ ಇಳಿತವೇ ಭಾರ ಹೊರುವ ಉಪಾಯ. ಕಡ್ಡಿಗಳನ್ನು ಹಬ್ಬಿನಿಂದ ನೇರ ಹೊರಡಿಸದೆ ಓರೆಯಾಗಿ, ಒಂದನ್ನೊಂದು ಅಡ್ಡ ದಾಟುವಂತೆ ಹೆಣೆಯುವ ಪದ್ಧತಿಗೆ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ ಪೇಟೆಂಟ್ ತೆಗೆದುಕೊಂಡಿದ್ದು 1874ರಲ್ಲಿ. ಇವತ್ತು ನಾವು ಮನೆಯಲ್ಲಿ ಕೂತು ಕಟ್ಟುವ ಚಕ್ರದ ಹೆಣಿಗೆಯೂ ಅದೇ.

ಹಬ್ ಬಿಚ್ಚುವುದು ನನ್ನ ಪ್ರಕಾರ ಈ ಚಟದಲ್ಲೇ ಅತಿ ಸುಖದ ಭಾಗ. ಗುಂಡುಗಳನ್ನು ಒತ್ತಿ ಹಿಡಿಯುವ ಕೋನ್ ಎಂಬ ನಟ್ಟನ್ನು ಸಡಿಲಿಸಿ ಆಕ್ಸೆಲ್ ಎಳೆದರೆ ಕಪ್ಪು ಗ್ರೀಸಿನಲ್ಲಿ ಮುಳುಗಿದ ಗುಂಡುಗಳು ಕಾಣುತ್ತವೆ. ಸಾಮಾನ್ಯವಾಗಿ ಹಿಂದಿನ ಹಬ್ಬಿನಲ್ಲಿ ಪಕ್ಕಕ್ಕೆ 9, ಕಾಲು ಇಂಚಿನವು. ಮುಂದಿನದರಲ್ಲಿ ಪಕ್ಕಕ್ಕೆ 10, ಅದಕ್ಕಿಂತ ಸಣ್ಣವು. ಒರೆಸಿ ಬೆಳಕಿಗೆ ಹಿಡಿದಾಗ ಕನ್ನಡಿಯಂತೆ ಹೊಳೆಯಬೇಕು, ಮಂಕಾಗಿದ್ದರೆ ಅಥವಾ ಮೈ ಮೇಲೆ ಚುಕ್ಕೆ ಬಿದ್ದಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಹೊಸ ಗ್ರೀಸು ತುಂಬಿ, ಗುಂಡುಗಳನ್ನು ಚಿಮಟದಲ್ಲಿ ಒಂದೊಂದಾಗಿ ಕೂರಿಸಿ, ಕೋನ್ ಬಿಗಿಯುವಾಗ ಒಂದು ಸೂಕ್ಷ್ಮ ಇದೆ. ಕ್ವಿಕ್ ರಿಲೀಸ್ ಇರುವ, ಅಂದರೆ ಲಿವರ್ ಒತ್ತಿ ಫ್ರೇಮಿಗೆ ಬಿಗಿಯುವ ಚಕ್ರವಾದರೆ ಕೈಯಲ್ಲಿ ಹಿಡಿದಾಗ ಆಕ್ಸೆಲ್ಲಿನಲ್ಲಿ ಒಂದಿಷ್ಟು ಆಟ, ಅಲುಗಾಟ, ಉಳಿದಿರಬೇಕು. ಫ್ರೇಮಿಗೆ ಹಾಕಿ ಲಿವರ್ ಒತ್ತಿದಾಗ ಆಕ್ಸೆಲ್ ತುಸು ಕುಗ್ಗಿ ಆ ಆಟ ಮಾಯವಾಗುತ್ತದೆ. ಮೊದಲೇ ಸರಿಯಾಗಿ ಬಿಗಿದಿದ್ದರೆ ಲಿವರ್ ಒತ್ತಿದ ಮೇಲೆ ಅತಿಯಾಗಿ, ಗುಂಡುಗಳು ತಾವು ಕೂತ ಲೋಹದ ಬಟ್ಟಲನ್ನೇ ಕೊರೆಯುತ್ತವೆ. ಪ್ಯಾರಿಸಿನ ಸೈಕಲ್ ಮೆಕ್ಯಾನಿಕ್ ಜೂಲ್ ಸುರಿರೇ ಬಾಲ್ ಬೇರಿಂಗಿಗೆ ಪೇಟೆಂಟ್ ಪಡೆದಿದ್ದು 1869ರಲ್ಲಿ. ಅದೇ ವರ್ಷದ ಪ್ಯಾರಿಸ್–ರುವಾನ್ ಪಂದ್ಯ ಗೆದ್ದ ಜೇಮ್ಸ್ ಮೂರ್ ಅವರ ಸೈಕಲ್ಲಿನಲ್ಲಿ ಇದ್ದದ್ದು ಅವೇ ಬೇರಿಂಗುಗಳು.

ಚೈನಿನ ವಿಷಯಕ್ಕೆ ಬಂದರೆ ಸೈಕಲ್ಲಿನವರಲ್ಲಿ ಪಂಗಡಗಳಿವೆ, ಎಣ್ಣೆಯವರು, ಮೇಣದವರು ಅಂತ. ನಾನು ಮೇಣದ ಕಡೆಯವನು. ಹೊಸ ಚೈನಿನ ಕಾರ್ಖಾನೆ ಗ್ರೀಸನ್ನು ಸಾಲ್ವೆಂಟಿನಲ್ಲಿ ಪೂರ್ತಿ ತೊಳೆಯಬೇಕು, ಒಂದಿಷ್ಟು ಜಿಡ್ಡು ಉಳಿದರೂ ಮೇಣ ಅಂಟುವುದಿಲ್ಲ. ಆಮೇಲೆ ಕರಗಿದ ಪ್ಯಾರಾಫಿನ್ ಮೇಣದಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೆ ಅಲುಗಿಸಿ, ಎತ್ತಿ ತೂಗುಹಾಕುವುದು. ಬಟ್ಟೆ ತಂತಿಯ ಮೇಲಿನ ಚೈನಿನ ಗುಟ್ಟು ಇದೇ. ಮೇಣವನ್ನು ನೇರ ಉರಿಯ ಮೇಲೆ ಇಡಲೇಬಾರದು, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಅತಿಯಾಗಿ ಕಾದರೆ ಬೆಂಕಿ ಹೊತ್ತಿಕೊಳ್ಳುವ ವಸ್ತು ಅದು. ಆರಿದ ಚೈನು ಕೋಲಿನಂತೆ ಸೆಟೆದಿರುತ್ತದೆ. ಕೊಂಡಿಗಳನ್ನು ಕೈಯಲ್ಲೇ ಮುರಿದು ಸಡಿಲಿಸಿ ಹಾಕಿದರೆ ಕೆಲವು ನೂರು ಕಿಲೋಮೀಟರ್ ಚಿಂತೆಯಿಲ್ಲ, ಮುಟ್ಟಿದರೆ ಬೆರಳು ಕಪ್ಪಾಗುವುದಿಲ್ಲ. ಮಳೆಗೆ ಸಿಕ್ಕರೆ ಮಾತ್ರ ಮೇಣ ಕೈಕೊಡುತ್ತದೆ. ಒಂದು ರಾತ್ರಿ ಒದ್ದೆ ಬಿಟ್ಟರೆ ಬೆಳಗ್ಗೆ ತುಕ್ಕಿನ ಬಣ್ಣ. ಎಣ್ಣೆಯವರು ನಗುವುದು ಆವಾಗಲೇ.

ಇಷ್ಟೆಲ್ಲ ಮಾಡಿದ್ದರಿಂದ ಸೈಕಲ್ ಗಾಳಿಯಲ್ಲಿ ಹಾರುತ್ತದೆ ಅಂದುಕೊಳ್ಳಬೇಡಿ. 1999ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಎಂಜಿನಿಯರುಗಳು ಚೈನನ್ನು ಪ್ರಯೋಗಶಾಲೆಯಲ್ಲಿ ಓಡಿಸಿ ಅಳೆದಾಗ, ಹಾಕಿದ ಶಕ್ತಿಯಲ್ಲಿ ಗರಿಷ್ಠ ಶೇಕಡಾ 98.6ರಷ್ಟು ಚಕ್ರದ ಕಡೆಗೆ ತಲುಪಿತ್ತು. ಯಾವ ಎಣ್ಣೆ ಹಾಕಿದರೂ ಅಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಪ್ರಯೋಗಶಾಲೆಯಲ್ಲಿ ಧೂಳಿಲ್ಲ. ರಸ್ತೆಯಲ್ಲಿ ಎಣ್ಣೆ, ಮೇಣ ಎರಡರ ನಿಜವಾದ ಕೆಲಸ ಮರಳಿನ ಕಣ ಪಿನ್ನಿನ ಸಂದಿಗೆ ನುಗ್ಗದಂತೆ ನೋಡಿಕೊಳ್ಳುವುದು. ಚೈನು ಹಿಗ್ಗಿದೆ ಅನ್ನುತ್ತೇವಲ್ಲ, ಅದರ ಉಕ್ಕಿನ ಪಟ್ಟಿಗಳು ಹಿಗ್ಗಿರುವುದಿಲ್ಲ, ಪಿನ್ನುಗಳು ಸವೆದಿರುತ್ತವೆ. ಪತ್ತೆಗೆ ಮಕ್ಕಳ ಸ್ಕೇಲು ಸಾಕು. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್, ಇರುವುದರಿಂದ ಹೊಸ ಚೈನಿನಲ್ಲಿ 24 ಅಂತರ ಎಣಿಸಿದರೆ ಕರಾರುವಾಕ್ಕಾಗಿ 12 ಇಂಚು. ಅದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಆಚೆ ಸರಿದಿದ್ದರೆ ಅರ್ಧ ಶೇಕಡಾ ಸವೆದಿದೆ ಎಂದರ್ಥ. 11 ಅಥವಾ 12 ಗೇರಿನ ಸೈಕಲ್ಲಾದರೆ ಅಷ್ಟಕ್ಕೇ ಬದಲಿಸಿಬಿಡುವುದು ವಾಸಿ. ಬಿಟ್ಟರೆ ಸವೆದ ಚೈನು ತನ್ನ ಜೊತೆಗೆ ಹಲ್ಲುಚಕ್ರಗಳನ್ನೂ ತಿಂದುಹಾಕುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸೈಕಲ್ಲಿನ ಮೈ ಮೇಲಿನ ಕೆಲಸ. ಚಟ ಅಲ್ಲಿಂದ ಜಾರಿ ಮನೆಯೊಳಕ್ಕೆ ಬರುವುದು ಬೇರಿಂಗಿನ ಮೂಲಕ. ಸೀಲಾದ ಬೇರಿಂಗಿನ ಅಂಚಿನಲ್ಲಿ ಒಂದು ನಂಬರ್ ಕೊರೆದಿರುತ್ತದೆ. 6202 ಅಂದರೆ ಒಳರಂಧ್ರ 15 ಮಿಲಿಮೀಟರ್, 6203 ಅಂದರೆ 17, 6204 ಅಂದರೆ 20. ಕೊನೆಯ ಎರಡಂಕಿ 04 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಐದರಿಂದ ಗುಣಿಸಿದರೆ ಅಳತೆ ಸಿಕ್ಕಿತು. ಹಿಂದೆ 2ಆರ್‌ಎಸ್ ಎಂದಿದ್ದರೆ ಎರಡೂ ಕಡೆ ರಬ್ಬರ್ ಮುಚ್ಚಳ, ಝಡ್‌ಝಡ್ ಎಂದಿದ್ದರೆ ಲೋಹದ್ದು. ಈ ಲಿಪಿ ಓದಲು ನಾನು ಕಲಿತದ್ದು ಸೈಕಲ್ ಹಬ್ಬಿನಿಂದ. ಆಮೇಲೆ ಗುರ್ ಎನ್ನುತ್ತಿದ್ದ ಫ್ಯಾನ್ ಬಿಚ್ಚಿದರೆ ಒಳಗೆ ಅದೇ ಲಿಪಿ, ಬಟ್ಟೆ ಒಗೆಯುವ ಯಂತ್ರದ ಹಿಂಬದಿ ಬಿಚ್ಚಿದರೆ ಅಲ್ಲೂ ಅದೇ. ಹೊಸ ಯಂತ್ರ ತರುವ ಮಾತು ನಡೆಯುತ್ತಿದ್ದಾಗ ಎರಡು ಬೇರಿಂಗು, ಒಂದು ಸೀಲು ಬದಲಿಸಿದ್ದಕ್ಕೆ ಅದು ಮತ್ತೆ ಸದ್ದಿಲ್ಲದೆ ತಿರುಗತೊಡಗಿತು. ಮನೆಯಲ್ಲಿ ನನ್ನ ಸೈಕಲ್ಲಿಗೆ ಮರ್ಯಾದೆ ಬಂದದ್ದು ಆವತ್ತಿನಿಂದ.

ಒಗೆಯುವ ಯಂತ್ರ ಎಂದಾಗ ಗ್ರೇಮ್ ಓಬ್ರಿ ಅವರನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ. ಅವರು ಇದೇ ದಾರಿಯಲ್ಲಿ ಎದುರು ದಿಕ್ಕಿನಿಂದ ಬಂದವರು. ಸ್ಕಾಟ್ಲೆಂಡಿನ ಈ ಸವಾರ ತಾನೇ ಕಟ್ಟಿದ ಸೈಕಲ್ಲಿಗೆ ಒಗೆಯುವ ಯಂತ್ರದ ಬೇರಿಂಗ್ ಹಾಕಿಕೊಂಡಿದ್ದರು. ಎರಡು ಪೆಡಲುಗಳ ನಡುವಿನ ಅಂತರ ಕಿರಿದಾಗಬೇಕು ಎಂಬುದು ಅವರ ಹಟ, ಮಾರುಕಟ್ಟೆಯಲ್ಲಿ ಸಿಗುವ ಬಾಟಮ್ ಬ್ರಾಕೆಟ್, ಅಂದರೆ ಪೆಡಲಿನ ಅಚ್ಚು ತಿರುಗುವ ಬೇರಿಂಗಿನ ಜೋಡಣೆ, ಅದಕ್ಕೆ ಒಗ್ಗುತ್ತಿರಲಿಲ್ಲ. 1993ರ ಜುಲೈ 16ರಂದು ನಾರ್ವೆಯ ಹಾಮಾರ್‌ನಲ್ಲಿ, ಅದೇ ಮಾದರಿಯಲ್ಲಿ ಬೇರೆಯವರು ಚೆಂದವಾಗಿ ಮಾಡಿಕೊಟ್ಟ ಸೈಕಲ್ಲಿನ ಮೇಲೆ ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ತುಳಿಯುವ ವಿಶ್ವದಾಖಲೆಗೆ ಯತ್ನಿಸಿ ಸೋತರು. ಮಾರನೆಯ ಬೆಳಗ್ಗೆ ತಮ್ಮ ಕೈಯಲ್ಲೇ ಮಾಡಿದ ಹಳೆಯದನ್ನು ಟ್ರ್ಯಾಕಿಗೆ ಇಳಿಸಿ 51.596 ಕಿಲೋಮೀಟರ್ ತುಳಿದರು, ಫ್ರಾನ್ಸೆಸ್ಕೊ ಮೋಸರ್ ಅವರ 1984ರ ದಾಖಲೆ ಮುರಿಯಿತು. ಆರು ದಿನಕ್ಕೆ ಇಂಗ್ಲೆಂಡಿನ ಸವಾರ ಕ್ರಿಸ್ ಬೋರ್ಡ್‌ಮನ್ ಅದನ್ನು ಕಸಿದುಕೊಂಡರು. ಮುಂದಿನ ವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಓಬ್ರಿ ಸೈಕಲ್ ಮೇಲೆ ಕೂರುತ್ತಿದ್ದ ಭಂಗಿಯನ್ನೇ ನಿಷೇಧಿಸಿತು. ಆ ನಿರ್ಧಾರದ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ರೈಟ್ ಸಹೋದರರ ಕತೆ ಎಲ್ಲರಿಗೂ ಗೊತ್ತು, ಅವರು ಅಮೆರಿಕದ ಡೇಟನ್‌ನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರೆಂದೂ ಗೊತ್ತು. ಆದರೆ ಅಂಗಡಿ ಹೊಟ್ಟೆಪಾಡಿಗೆ, ವಿಮಾನ ಬೇರೆ ವಿದ್ಯೆ ಎಂಬಂತೆ ಹೇಳುತ್ತಾರೆ. ಹಾಗಿರಲಿಲ್ಲ. ರೆಕ್ಕೆಯ ಲೆಕ್ಕ ಸರಿಯಿದೆಯೇ ಎಂದು ನೋಡಲು 1901ರಲ್ಲಿ ಅವರು ಮೊದಲು ಮಾಡಿದ್ದು ಸೈಕಲ್ಲಿನ ಹ್ಯಾಂಡಲ್ ಮುಂದೆ ಇನ್ನೊಂದು ಚಕ್ರವನ್ನು ಅಡ್ಡಲಾಗಿ ಮಲಗಿಸಿ, ಅದಕ್ಕೆ ರೆಕ್ಕೆಯ ಮಾದರಿ ಸಿಕ್ಕಿಸಿ, ಗಾಳಿ ಬೀಸುವಂತೆ ಜೋರಾಗಿ ತುಳಿಯುವುದು. ಆಮೇಲೆ ಕಟ್ಟಿದ ಗಾಳಿ ಸುರಂಗದೊಳಗಿನ ತಕ್ಕಡಿಗೆ ಬಳಸಿದ್ದು ಹ್ಯಾಕ್ಸಾ ಬ್ಲೇಡು ಮತ್ತು ಸೈಕಲ್ ಕಡ್ಡಿಯ ತಂತಿ. 1903ರ ವಿಮಾನದಲ್ಲಿ ಎಂಜಿನ್ನಿನಿಂದ ಪ್ರೊಪೆಲ್ಲರುಗಳಿಗೆ ಶಕ್ತಿ ಹೋದದ್ದು ಚೈನು ಮತ್ತು ಹಲ್ಲುಚಕ್ರಗಳ ಮೂಲಕವೇ. ಎರಡು ಪ್ರೊಪೆಲ್ಲರು ಒಂದಕ್ಕೊಂದು ವಿರುದ್ಧವಾಗಿ ತಿರುಗಲೆಂದು ಒಂದು ಚೈನನ್ನು ಎಂಟರ ಆಕಾರದಲ್ಲಿ ತಿರುಚಿ ಹಾಕಿದ್ದರು. ಚೈನಿನೊಡನೆ ದಿನಾ ಒಡನಾಡಿದವರಿಗಲ್ಲದೆ ಇನ್ನಾರಿಗೆ ಹೊಳೆಯಬೇಕು ಅದು?

ನನ್ನ ಕೈಗೆ ವಿಮಾನ ಬರಲಿಲ್ಲ, ಹೊಲಿಗೆ ಬಂತು. ಫ್ರೇಮಿನ ತ್ರಿಕೋನದೊಳಗೆ ಕೂರುವ ಚೀಲ ಎಲ್ಲ ಸೈಕಲ್ಲಿಗೂ ಹೊಂದುವಂತೆ ಸಿಗುವುದಿಲ್ಲ, ಫ್ರೇಮಿನ ಅಳತೆ ಬೇರೆ ಬೇರೆ. ರಟ್ಟಿನಲ್ಲಿ ತ್ರಿಕೋನ ಕತ್ತರಿಸಿ, ಎಲ್ಲ ಕಡೆ ಒಂದು ಸೆಂಟಿಮೀಟರ್ ಒಳಗೆ ತೆಗೆದುಕೊಂಡು, ಅಗಲ ಐದಾರು ಸೆಂಟಿಮೀಟರ್ ದಾಟದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಮಂಡಿ ತಾಗುತ್ತದೆ. ದಪ್ಪ ನೈಲಾನ್ ಬಟ್ಟೆಯನ್ನು ಅಮ್ಮನ ಹೊಲಿಗೆ ಯಂತ್ರಕ್ಕೆ ಕೊಡಲು ಹೊರಟಾಗ ಅವಳು ದೂರದಿಂದಲೇ ನೋಡಿ, "ಆ ಸೂಜಿ ತಡೆಯಲ್ಲ ಕಣೋ, ಹದಿನಾರು ನಂಬರಿಂದು ಹಾಕು. ಮೂಲೆಗೆ ಬಂದಾಗ ಕಾಲು ತೆಗಿ, ಕೈಯಲ್ಲಿ ತಿರುಗಿಸು" ಅಂದಳು. ಮೂಲೆಗಳನ್ನೆಲ್ಲ ಅವಳು ಹೇಳಿದಂತೆಯೇ ಹೊಲಿದೆ. ಜಿಪ್ ಮಾತ್ರ ಅವಳೇ ಕೂರಿಸಿಕೊಟ್ಟಳು.

ಕೈ ಕೊಳೆಯಾಗದ ಹವ್ಯಾಸವೂ ಇದೆ, ಲೆಕ್ಕ ಬರೆಯುವುದು. ನಕ್ಷತ್ರಗಳ ಒಳರಚನೆಯ ಮೇಲೆ ಕೆಲಸ ಮಾಡಿದ ಆರ್ಥರ್ ಎಡಿಂಗ್ಟನ್ ಪಕ್ಕಾ ಸೈಕಲ್ ಸವಾರ. ತನ್ನ ಸವಾರಿ ಅಳೆಯಲು ಅವರಿಗೊಂದು ಸಂಖ್ಯೆ ಇತ್ತು, ಅದು ಈಗ ಎಷ್ಟಕ್ಕೆ ಏರಿದೆ ಎಂದು ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಗೆ ಕಾಗದದಲ್ಲಿ ಬರೆಯುತ್ತಿದ್ದರು. ನಿಯಮ ಸರಳ: ಕನಿಷ್ಠ 50 ಮೈಲಿ ತುಳಿದ ದಿನಗಳು 50 ಇದ್ದರೆ ನಿಮ್ಮ ಸಂಖ್ಯೆ 50. ಅದು 51 ಆಗಬೇಕಾದರೆ 51 ದಿನ, ಪ್ರತಿ ದಿನವೂ 51 ಮೈಲಿ ಅಥವಾ ಹೆಚ್ಚು. ಸರಿಯಾಗಿ 50ಕ್ಕೇ ನಿಲ್ಲಿಸಿ ಮನೆಗೆ ಬಂದ ದಿನಗಳೆಲ್ಲ ಒಂದೇ ಏಟಿಗೆ ಲೆಕ್ಕದಿಂದ ಹಾರಿಹೋಗುತ್ತವೆ! ದಿನಾ ಒಂದೇ ದಾರಿ, ಒಂದೇ ದೂರ ತುಳಿಯುವವರನ್ನು ಈ ಲೆಕ್ಕ ಎಳ್ಳಷ್ಟೂ ಲೆಕ್ಕಿಸುವುದಿಲ್ಲ. 1944ರಲ್ಲಿ ತೀರಿಕೊಂಡಾಗ ಎಡಿಂಗ್ಟನ್ ಸಂಖ್ಯೆ 84 ಆಗಿತ್ತು. ಈಗಿನ ಹಗುರ ಸೈಕಲ್ ಇಟ್ಟುಕೊಂಡು, ಮೈಲಿ ಬಿಟ್ಟು ಕಿಲೋಮೀಟರಿನಲ್ಲಿ ಎಣಿಸಿಕೊಂಡು ಬೀಗುವವರನ್ನು ಕಂಡಾಗಲೆಲ್ಲ ಆ 84 ನೆನಪಾಗುತ್ತದೆ. ನಾನೂ ಕಿಲೋಮೀಟರಿನಲ್ಲೇ ಎಣಿಸುತ್ತೇನೆ, ಅದು ಬೇರೆ ಮಾತು.

ಒಂದು ತಕರಾರು ಇದೆ. ಈಚೆಗೆ ಬರುತ್ತಿರುವ ದುಬಾರಿ ಸೈಕಲ್ಲುಗಳು ಹೊಟ್ಟೆಯೊಳಗೆ ಬಚ್ಚಿಟ್ಟುಕೊಳ್ಳುವುದನ್ನು ಕಲಿಯುತ್ತಿವೆ. ಬ್ರೇಕಿನ ಎಣ್ಣೆ ಕೊಳವೆಗಳು ಹೊರಗೆ ಕಾಣಬಾರದೆಂದು ಹ್ಯಾಂಡಲ್ಲಿನೊಳಗಿಂದ, ಅದು ತಿರುಗಲೆಂದು ಇರುವ ಹೆಡ್‌ಸೆಟ್ ಬೇರಿಂಗಿನ ಮಧ್ಯದಿಂದ ತೂರಿಸುತ್ತಾರೆ. ನೋಡಲು ನುಣುಪು, ಗಾಳಿಯ ತಡೆಯೂ ತುಸು ಕಡಿಮೆ. ಆದರೆ ಆ ಮೇಲಿನ ಬೇರಿಂಗ್ ಬದಲಿಸಬೇಕಾದರೆ ಕೊಳವೆ ಕಳಚಬೇಕು, ಮತ್ತೆ ಜೋಡಿಸಿ, ಎಣ್ಣೆಯೊಳಗೆ ಸೇರಿದ ಗಾಳಿ ತೆಗೆಯಬೇಕು. ಬೆವರು, ಮಳೆನೀರು ಇಳಿದು ಎಲ್ಲಕ್ಕಿಂತ ಮೊದಲು ಹಾಳಾಗುವ ಬೇರಿಂಗುಗಳಲ್ಲಿ ಅದೂ ಒಂದು. ಕಾಲು ಗಂಟೆಯ ಕೆಲಸ ಅರ್ಧ ದಿನದ್ದಾಯಿತು. ಹೊಸದೆಲ್ಲ ಕೆಟ್ಟದ್ದು ಎನ್ನುವ ಪೈಕಿಯಲ್ಲ ನಾನು. ಡಿಸ್ಕ್ ಬ್ರೇಕು ಮಳೆಯಲ್ಲಿ ಹಿಡಿಯುವಂತೆ ಹಳೇ ರಿಮ್ ಬ್ರೇಕು ಹಿಡಿಯುವುದಿಲ್ಲ, ಬ್ಯಾಟರಿ ಗೇರು ಬೀಳುವ ನಯ ತಂತಿಗೆ ಬರುವುದಿಲ್ಲ. ಕಾರ್ಬನ್ ಫೋರ್ಕ್ ಕತ್ತರಿಸುವಂಥ ಕೆಲವು ಕೆಲಸ ಮನೆಯಲ್ಲಿ ಮಾಡುವಂಥವೂ ಅಲ್ಲ. ಆದರೆ ಬರೀ ಚೆಂದಕ್ಕೆ ಮುಚ್ಚುವುದು ಬೇರೆ. ಒತ್ತಿ ಕೂರಿಸುವ ಬಾಟಮ್ ಬ್ರಾಕೆಟ್ಟುಗಳ ಕಿರ್ ಕಿರ್ ಸದ್ದಿಗೆ ಬೇಸತ್ತು ಹಲವು ತಯಾರಕರು ಮತ್ತೆ ಥ್ರೆಡ್ ಇರುವುದಕ್ಕೇ ಮರಳಿದರು. ಕೊಳವೆಗಳ ವಿಷಯದಲ್ಲೂ ಹಾಗೇ ಆದೀತೆಂದು ಕಾಯುತ್ತಿದ್ದೇನೆ. ಬಚ್ಚಿಟ್ಟ ಸೈಕಲ್ಲಿನ ಎದುರು ಕೂತ ಮಗು ಏನನ್ನು ಮೀಟಬೇಕು?

ಸದ್ಯ ಮೇಜಿನ ಮೇಲಿರುವುದು ಡೈನಮೋ ಹಬ್. ಮುಂದಿನ ಚಕ್ರ ತಿರುಗಿದಂತೆಲ್ಲ ಕರೆಂಟು ಕೊಡುವ ಇದರ ಅಳತೆ 6 ವೋಲ್ಟ್, 3 ವ್ಯಾಟ್, ಅಂದರೆ ಸುಮಾರು ಅರ್ಧ ಆಂಪಿಯರ್. ದೀಪಕ್ಕೆ ನೇರ ಕೊಟ್ಟರೆ ಸಾಕು, ಫೋನಿಗೆ ಸಾಲದು. ಫೋನಿಗೆ ಬೇಕಿರುವುದು 5 ವೋಲ್ಟಿನ ಡಿಸಿ, ಹಬ್ ಕೊಡುವುದು ಎಸಿ. ಎಸಿಯನ್ನು ಡಿಸಿ ಮಾಡಲು ನಾಲ್ಕು ಡಯೋಡುಗಳ ಬ್ರಿಜ್, ಏರಿಳಿತ ತಗ್ಗಿಸಲು ಕೆಪಾಸಿಟರ್, ಆಮೇಲೆ ಐದು ವೋಲ್ಟಿಗೆ ನಿಲ್ಲಿಸಲು ರೆಗ್ಯುಲೇಟರ್. ಸಾದಾ ಡಯೋಡು ಒಂದೊಂದೂ ಸುಮಾರು 0.7 ವೋಲ್ಟ್ ನುಂಗುತ್ತದೆ, ಒಮ್ಮೆಗೆ ಎರಡರ ಮೂಲಕ ಹಾಯಬೇಕಾದ್ದರಿಂದ ಇದ್ದ ಆರರಲ್ಲಿ ಅಲ್ಲೇ 1.4 ಹೋಯಿತು. ಅದಕ್ಕೆ ಕಡಿಮೆ ನುಂಗುವ ಷಾಟ್ಕಿ ಡಯೋಡು ಹಾಕಿದ್ದೇನೆ. ತೊಡಕಿರುವುದು ಇಳಿಜಾರಿನಲ್ಲಿ. ಫೋನ್ ಜೋಡಿಸದೆ ವೇಗವಾಗಿ ಇಳಿದರೆ ಹಬ್ಬಿನ ವೋಲ್ಟೇಜು ಆರರಲ್ಲಿ ನಿಲ್ಲುವುದಿಲ್ಲ, ಹತ್ತಾರು ವೋಲ್ಟಿಗೆ ಏರಿ ರೆಗ್ಯುಲೇಟರನ್ನು ಸುಟ್ಟುಹಾಕಬಲ್ಲದು. ಹೆಚ್ಚಾದದ್ದನ್ನು ಬೇರೆ ದಾರಿಗೆ ಹರಿಸಲು ಜೀನರ್ ಡಯೋಡು, ಜಾಸ್ತಿ ವೋಲ್ಟ್ ತಡೆಯುವ ಕೆಪಾಸಿಟರ್ ಬೇಕು. ಆ ಕೆಪಾಸಿಟರ್ ಹೆಬ್ಬೆರಳಷ್ಟು ದಪ್ಪ, ನಾನು ಆರಿಸಿಟ್ಟ ಡಬ್ಬಿಯ ಮುಚ್ಚಳ ಹಾಕಲು ಬಿಡುತ್ತಿಲ್ಲ. ಮಗಳು ತನ್ನ ಪೆನ್ಸಿಲ್ ಡಬ್ಬಿ ತಂದಿಟ್ಟಿದ್ದಾಳೆ. ಅಳತೆ ಸರಿಹೋಗುತ್ತದೆ, ಆದರೆ ಮೇಲಿರುವ ಮೊಲದ ಚಿತ್ರ ಕೆರೆದು ತೆಗೆಯಕೂಡದಂತೆ.